ತೊಗರಿ, ಬಿದರಿ, ಇಕಾಮಾ: ರಾಯಭಾರಿಯ ಕೆಲಸ ಕಾಣುವುದೆಲ್ಲಿ?

ಚರ್ಚಾಕೂಟ ಕಲಬುರಗಿ:
ಪದವಿ ಕಾಲೇಜು ಹುಡುಗರ ಚರ್ಚಾಸ್ಪರ್ಧೆಗೆ ವಿಷಯ ಬಂದಿದೆ: "ಎರಡು ದೇಶಗಳ ಸ್ನೇಹದಲ್ಲಿ ರಾಯಭಾರಿಯ ಪಾತ್ರ". ಪರ ಮಾತಾಡುವವರೆಲ್ಲ "ರಾಯಭಾರಿ ಒಂದು ಸೇತುವೆ" ಎಂದು ಶುರು ಮಾಡಿ ಅಲ್ಲೇ ನಿಲ್ಲುತ್ತಾರೆ. ವಿರೋಧದವರು "ಪ್ರಧಾನಿಗಳೇ ಫೋನ್ ಎತ್ತಿ ಮಾತಾಡುವಾಗ ಇವರು ಯಾಕೆ?" ಎನ್ನುತ್ತಾರೆ. ಎರಡೂ ಪೊಳ್ಳು. ರಾಯಭಾರಿ ಬೆಳಿಗ್ಗೆ ಕಚೇರಿಗೆ ಹೋಗಿ ಏನು ಮಾಡುತ್ತಾರೆ, ಎಲ್ಲಿ ಎಡವುತ್ತಾರೆ, ಅದು ಕಲಬುರಗಿ, ಬೀದರ್, ಯಾದಗಿರಿಗೆ ಹೇಗೆ ತಾಗುತ್ತದೆ, ಗೊತ್ತಿದ್ದವರು ಬರೆಯಿರಿ. ಭಾಷಣ ಬೇಡ, ಮಾಹಿತಿ ಬೇಕು.

ಚೌಬಾರಾ:
ಸರ್, ಹುಡುಗರಿಗೆ ಮೊದಲು ನೇಮಕದ ದಾರಿ ಹೇಳಿಕೊಡಿ. ಅರ್ಧ ಉತ್ತರ ಅಲ್ಲೇ ಇದೆ.

ಇದಕ್ಕೆಲ್ಲ ಆಧಾರ ದೇಶಗಳ ರಾಜತಾಂತ್ರಿಕ ಸಂಬಂಧದ ಬಗ್ಗೆ ಆದ 1961ರ ವಿಯೆನ್ನಾ ಒಪ್ಪಂದ. 1964ರಲ್ಲಿ ಜಾರಿಗೆ ಬಂತು. ಕಳಿಸುವ ದೇಶ ಮೊದಲು ಒಂದು ಹೆಸರನ್ನು ಗುಟ್ಟಾಗಿ ಎದುರಿನ ದೇಶಕ್ಕೆ ತಿಳಿಸುತ್ತದೆ. "ಇವರು ನಿಮಗೆ ಆದೀತೇ?" ಎಂದು ಕೇಳಿದ ಹಾಗೆ. ಅದಕ್ಕೆ ಬರುವ ಒಪ್ಪಿಗೆಗೆ ಆಗ್ರೆಮಾ ಎನ್ನುತ್ತಾರೆ. ಬೇಡ ಎನ್ನಲು ಕಾರಣ ಹೇಳಬೇಕಿಲ್ಲ, 4ನೇ ವಿಧಿಯಲ್ಲೇ ಹಾಗಿದೆ. ವಾಡಿಕೆಯಲ್ಲಿ ಯಾರೂ ಬೇಡ ಎಂದು ಬಾಯಿ ಬಿಡುವುದೂ ಇಲ್ಲ, ಸುಮ್ಮನಿರುತ್ತಾರೆ. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ ಎಂದರೆ ಹೆಸರು ವಾಪಸ್ ತಗೊಳ್ಳಿ ಎಂದರ್ಥ.

ಗುಟ್ಟು ಯಾಕೆ ಎಂದರೆ, ನಮ್ಮಲ್ಲಿ ಹೆಣ್ಣು ನೋಡುವ ಮೊದಲು ಊರಿಗೆಲ್ಲ ಡಂಗುರ ಹೊಡೆಯುವುದಿಲ್ಲವಲ್ಲ, ಅದೇ ಲೆಕ್ಕ. 2015ರಲ್ಲಿ ಇಸ್ರೇಲ್ ಬ್ರೆಜಿಲ್‌ಗೆ ಡ್ಯಾನಿ ದಯಾನ್ ಅವರ ಹೆಸರನ್ನು ಮೊದಲೇ ಬಹಿರಂಗವಾಗಿ ಘೋಷಿಸಿತು. ಅವರು ವೆಸ್ಟ್ ಬ್ಯಾಂಕ್ ವಸಾಹತುಗಾರರ ಮುಖಂಡರಾಗಿದ್ದವರು. ಬ್ರೆಜಿಲ್ ತುಟಿ ಬಿಚ್ಚಲಿಲ್ಲ. 2016ರಲ್ಲಿ ಇಸ್ರೇಲ್ ಅವರನ್ನು ನ್ಯೂಯಾರ್ಕ್‌ಗೆ ಕಾನ್ಸುಲ್ ಜನರಲ್ ಮಾಡಿ ಕಳಿಸಿತು. ಸ್ನೇಹ ಬೆಳೆಸಲು ಹೋಗಬೇಕಾದ ಹುದ್ದೆಯೇ ಮನಸ್ತಾಪಕ್ಕೆ ಕಾರಣವಾಯಿತು.

ಒಪ್ಪಿಗೆ ಬಂದ ಮೇಲೆ ನಮ್ಮ ರಾಷ್ಟ್ರಪತಿ ಸಹಿ ಮಾಡಿದ ಅಧಿಕಾರಪತ್ರ ಹಿಡಿದು ಹೋಗುತ್ತಾರೆ. ಜೊತೆಗೆ ಹಿಂದಿನವರನ್ನು ವಾಪಸ್ ಕರೆಸಿಕೊಂಡ ಪತ್ರವೂ ಇರುತ್ತದೆ. ಅಲ್ಲಿನ ರಾಷ್ಟ್ರಮುಖ್ಯಸ್ಥರ ಕೈಗೆ ಅದನ್ನು ಕೊಡುವ ತನಕ ಕೈಕಟ್ಟಿದ ಹಾಗೆಯೇ. ಕೆಲವು ದೇಶಗಳಲ್ಲಿ ವಿದೇಶಾಂಗ ಇಲಾಖೆಗೆ ನಕಲು ಕೊಟ್ಟರೂ ಕೆಲಸ ಶುರುವಾಗುತ್ತದೆ. ರಾಯಭಾರಿಗಳಲ್ಲಿ ಹಿರಿ ಕಿರಿ ಲೆಕ್ಕ ಆ ತಾರೀಖಿನ ಮೇಲೆಯೇ, ದೇಶ ದೊಡ್ಡದೋ ಚಿಕ್ಕದೋ ಎಂಬುದರ ಮೇಲಲ್ಲ.

ದಾಲ್‌ಮಿಲ್:
ಚೌಬಾರಾ ಸರ್, ಭಾಳ ಚಲೋ ಹೇಳಿದ್ರಿ. ಆದ್ರ ಸ್ನೇಹ ಅಂದ್ರ ನಮ್ಮ ಗಂಜಿನಾಗ (ಕಾಳಿನ ಮಾರುಕಟ್ಟಿಯಾಗ) ಲೆಕ್ಕ ಬ್ಯಾರೆ ಅದ ರೀ. 2016ರಾಗ ಮೊಜಾಂಬಿಕ್ ಜೋಡಿ ಬ್ಯಾಳಿ ಒಪ್ಪಂದ ಆಯ್ತು. ಮೊದಲನೇ ವರ್ಷ 1 ಲಕ್ಷ ಟನ್, ಏರಿಸ್ಕೋತ ಹೋಗಿ 2020-21ಕ್ಕ 2 ಲಕ್ಷ ಟನ್. 2021ರಾಗ ಮಲಾವಿ ಜೋಡಿ ವರ್ಷಕ್ಕ 50 ಸಾವಿರ ಟನ್ ತೊಗರಿ, ಮ್ಯಾನ್ಮಾರ್ ಜೋಡಿ 1 ಲಕ್ಷ ಟನ್ ತೊಗರಿ, ಎರಡೂವರಿ ಲಕ್ಷ ಟನ್ ಉದ್ದು, ಐದು ವರ್ಷಕ್ಕ. ಅದೇ ವರ್ಷ ಮೇ ತಿಂಗಳದಾಗ ತೊಗರಿ ಆಮದನ್ನ ನಿರ್ಬಂಧದ ಪಟ್ಟಿಯಿಂದ ತೆಗೆದು ಮುಕ್ತ ಮಾಡಿದ್ರು.

ಆಫ್ರಿಕಾದಾಗ ತೊಗರಿ ಕೊಯ್ಲು ಆಗಸ್ಟ್, ಸೆಪ್ಟೆಂಬರ್. ಹಡಗು ನಮ್ಮ ಬಂದರಿಗೆ ಬರೂದು ದಸರಾ, ದೀಪಾವಳಿ ಆಜುಬಾಜು. ನಮ್ಮ ರಾಶಿ ಶುರು ಆಗೂದು ಡಿಸೆಂಬರ್ ಕೊನಿಗೆ. ಗೋದಾಮ ಅದಾಗಲೇ ತುಂಬಿರ್ತದ. ನಮ್ಮ ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತು) ಪಟ್ಟ 2019ರಾಗ ಸಿಕ್ಕದ, ಖರೆ. ಆದ್ರ ಪಟ್ಟ ತೋರಿಸಿದ್ರ ಸವಾಲಿನಾಗ (ಹರಾಜಿನಾಗ) ಯಾರೂ ನೂರು ರೂಪಾಯಿ ಹೆಚ್ಚಿಗಿ ಹಚ್ಚಂಗಿಲ್ಲ. ಯಾರ ಸ್ನೇಹ, ಯಾರ ಖರ್ಚಿಗೆ?

ಬೋನಾಳ ಕೆರೆ:
ಅಣ್ಣಾ, ನಿಮ್ಮ ಸಿಟ್ಟು ಸರಿ ಅದ, ಆದ್ರ ತಪ್ಪು ಬಾಗಿಲು ಬಡೀತಿದ್ದೀರಿ. ಎಷ್ಟು ಟನ್, ಎಷ್ಟು ಸುಂಕ, ಯಾವ ತಿಂಗಳ ತನಕ ಮುಕ್ತ ಅನ್ನೋದು ದೆಹಲಿಯ ತೀರ್ಮಾನ. ಬೆಲೆ ಏರಿದಾಗ ಗ್ರಾಹಕರ ಇಲಾಖೆ ಒತ್ತುತ್ತದೆ, ವಾಣಿಜ್ಯ ಇಲಾಖೆಯ ವಿದೇಶ ವ್ಯಾಪಾರ ನಿರ್ದೇಶನಾಲಯ ಅಧಿಸೂಚನೆ ಹೊರಡಿಸುತ್ತದೆ. ರಾಯಭಾರಿ ಕಚೇರಿ ಮಾತುಕತೆ ಆಡುತ್ತದೆ, ಆದರೆ ಕೊಟ್ಟ ಸೂಚನೆಯ ಗೆರೆಯೊಳಗೆ ಮಾತ್ರ.

ಅವರ ಕೈಯಲ್ಲಿರುವುದು ಒಪ್ಪಂದ ಆದ ಮೇಲಿನ ಕೆಲಸ. ಮೂಲ ದೇಶದ ಪ್ರಮಾಣಪತ್ರಕ್ಕೆ ಅಲ್ಲಿ ಯಾರು ಸಹಿ ಹಾಕಬೇಕು, ಆ ಸಹಿಯ ಮಾದರಿ ನಮ್ಮ ಕಸ್ಟಮ್ಸ್ ಹತ್ತಿರ ಇದೆಯೇ, ಸಸ್ಯ ಆರೋಗ್ಯ ಪ್ರಮಾಣಪತ್ರದಲ್ಲಿ ಹುಳ ಔಷಧಿಯ ವಿವರ ಸರಿಯಾಗಿದೆಯೇ. ಇವುಗಳಲ್ಲಿ ಒಂದು ತಪ್ಪಿದರೂ ಹಡಗು ಬಂದರಿನ ಹೊರಗೆ ನಿಂತು ದಿನದ ಬಾಡಿಗೆ ಏರುತ್ತದೆ. 2023ರ ಕೊನೆಯಲ್ಲಿ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ಭಾರತಕ್ಕೆ ಹೊರಟ ತೊಗರಿ ಸಿಕ್ಕಿಹಾಕಿಕೊಂಡಿತು. ರಫ್ತುದಾರರ ನಡುವೆ ಅಲ್ಲಿನ ಕೋರ್ಟಿನಲ್ಲಿ ಜಗಳ. ಸ್ನೇಹ ಅಂತ ಅಲ್ಲಿನ ನ್ಯಾಯಾಧೀಶರಿಗೆ ಯಾರೂ ಫೋನ್ ಹಚ್ಚೋ ಹಾಗಿಲ್ಲ, 41ನೇ ವಿಧಿ ಆಂತರಿಕ ವಿಷಯದಲ್ಲಿ ಕೈ ಹಾಕಬಾರದು ಎನ್ನುತ್ತದೆ. ಅಲ್ಲಿನ ಮಂತ್ರಿಗಳಿಗೆ "ಇದು ಎರಡು ಸರಕಾರಗಳ ನಡುವಿನ ಮಾತು, ತಡವಾದರೆ ಮುಂದಿನ ವರ್ಷ ನಾವು ಬೇರೆ ದೇಶ ನೋಡಬೇಕಾಗುತ್ತದೆ" ಎಂದು ಮೆಲ್ಲಗೆ ತಿಳಿಸಬಹುದು, ಅಷ್ಟೇ. ಮಲಾವಿಗೆ ಸಮುದ್ರವೇ ಇಲ್ಲ, ಅದರ ಮಾಲಿನ ದೊಡ್ಡ ಪಾಲೂ ಮೊಜಾಂಬಿಕ್‌ನ ಬಂದರುಗಳಿಗೇ ಬರಬೇಕು. ಒಂದು ಕಡೆ ಗಂಟು ಬಿದ್ದರೆ ಎರಡು ದೇಶದ ವ್ಯಾಪಾರ ನಿಂತ ಹಾಗೆ.

ದಾಲ್‌ಮಿಲ್:
ಅಕ್ಕಾ, ಒಪ್ಪಿದೆ. ಹಂಗಾದ್ರ ರೈತ ಸಂಘದವರು ಮನವಿ ಕೊಡೂದು ಎಲ್ಲಿ?

ಬೋನಾಳ ಕೆರೆ:
ಸುಂಕ ಮತ್ತು ತಿಂಗಳ ವಿಷಯಕ್ಕೆ ಸಂಸದರು, ವಾಣಿಜ್ಯ ಮತ್ತು ಕೃಷಿ ಇಲಾಖೆ. ಮನವಿಯಲ್ಲಿ "ಆಮದು ನಿಲ್ಲಿಸಿ" ಎಂದು ಬರೆದರೆ ಕಡತದಲ್ಲೇ ಉಳಿಯುತ್ತದೆ, ಯಾಕಂದ್ರೆ ಕೊಟ್ಟ ಮಾತು ಮುರಿಯೋದಕ್ಕೆ ಯಾವ ಇಲಾಖೆಯೂ ಒಪ್ಪೋದಿಲ್ಲ. "ಡಿಸೆಂಬರ್‌ನಿಂದ ಮಾರ್ಚ್ ತನಕ ಕೊಯ್ಲಿನ ಹಂಗಾಮಿನಲ್ಲಿ ಸುಂಕ ಹಾಕಿ" ಎಂದು ತಿಂಗಳು ನಮೂದಿಸಿ ಬರೆಯಿರಿ. ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಚರ್ಚಾಕೂಟ ಕಲಬುರಗಿ:
ಸೊಗಸಾಗಿದೆ. ಆದರೆ ವಿರೋಧದ ಹುಡುಗರ ಪ್ರಶ್ನೆಗೆ ಇನ್ನೂ ಉತ್ತರ ಬರಲಿಲ್ಲ. ಫೋನ್ ಇರುವಾಗ ರಾಯಭಾರಿ ಯಾಕೆ?

ಬೋನಾಳ ಕೆರೆ:
ಫೋನಿನಲ್ಲಿ ಮಾತು ಕೇಳುತ್ತದೆ, ಮಾತಾಡುವವರ ಮನೆಯೊಳಗೆ ಏನು ನಡೀತಿದೆ ಎಂದು ಕೇಳುವುದಿಲ್ಲ. ವಿಯೆನ್ನಾ ಒಪ್ಪಂದದ 3ನೇ ವಿಧಿ ಐದು ಕೆಲಸ ಹೇಳುತ್ತದೆ: ದೇಶದ ಪ್ರತಿನಿಧಿ ಆಗುವುದು, ನಮ್ಮವರ ಹಿತ ಕಾಯುವುದು, ಮಾತುಕತೆ ಆಡುವುದು, ಅಲ್ಲಿನ ಸ್ಥಿತಿಗತಿಯನ್ನು ನ್ಯಾಯವಾದ ದಾರಿಯಲ್ಲಿ ತಿಳಿದು ವರದಿ ಮಾಡುವುದು, ಸ್ನೇಹ ಬೆಳೆಸುವುದು. ಸ್ನೇಹ ಕೊನೆಗೆ ಬರುತ್ತದೆ ನೋಡಿ. ನಾಲ್ಕನೆಯದು ಕೆಟ್ಟರೆ ಐದನೆಯದು ಉಳಿಯೋದಿಲ್ಲ.

ಕೆ.ಎಂ. ಪಣಿಕ್ಕರ್ ಚೀನಾದಲ್ಲಿ ನಮ್ಮ ರಾಯಭಾರಿ. 1950ರ ಅಕ್ಟೋಬರ್ 3ರಂದು, ನಡುರಾತ್ರಿ ದಾಟಿದ ಮೇಲೆ, ಚೀನಾದ ಪ್ರಧಾನಿ ಚೌ ಎನ್‌ಲಾಯ್ ಪಣಿಕ್ಕರ್ ಅವರನ್ನು ಕರೆಸಿಕೊಂಡು, ಅಮೆರಿಕದ ಸೇನೆ ಉತ್ತರ, ದಕ್ಷಿಣ ಕೊರಿಯಾಗಳನ್ನು ಬೇರ್ಪಡಿಸುವ 38ನೇ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆ ಎಂದರು. ಚೀನಾಕ್ಕೂ ಅಮೆರಿಕಕ್ಕೂ ಆಗ ರಾಜತಾಂತ್ರಿಕ ಸಂಬಂಧ ಇರಲಿಲ್ಲ, ನಮ್ಮವರೇ ಅಂಚೆಯವರು. ಪಣಿಕ್ಕರ್ ದೆಹಲಿಗೆ ತಿಳಿಸಿದರು, ದೆಹಲಿ ಮುಂದೆ ದಾಟಿಸಿತು. ವಾಷಿಂಗ್ಟನ್ ನಂಬಲಿಲ್ಲ, ಪಣಿಕ್ಕರ್ ಚೀನಾದ ಕಡೆ ವಾಲಿದವರು ಅನ್ನೋ ಗುಮಾನಿ. ಅದೇ ತಿಂಗಳು 19ಕ್ಕೆ ಚೀನೀ ಪಡೆ ಯಾಲು ನದಿ ದಾಟಿ ಕೊರಿಯಾದೊಳಗೆ ಇಳಿಯಿತು.

ಇದರಲ್ಲಿ ಎರಡು ಪಾಠ ಇವೆ, ಹುಡುಗರು ಒಂದನ್ನೇ ಹಿಡೀತಾರೆ. ಸುದ್ದಿ ಸರಿಯಿತ್ತು ಅನ್ನೋದು ಒಂದು. ತಂದವರ ಮೇಲೆ ಕೇಳುವವರಿಗೆ ನಂಬಿಕೆ ಇರಲಿಲ್ಲ ಅನ್ನೋದು ಇನ್ನೊಂದು. ಇರುವ ದೇಶವನ್ನೇ ಅತಿಯಾಗಿ ಹಚ್ಚಿಕೊಂಡ ರಾಯಭಾರಿ ಬರೆದ ಖರೇ ಮಾತೂ ಹಗುರಾಗುತ್ತದೆ. ಅದಕ್ಕೇ ಒಳ್ಳೆಯ ವರದಿಯಲ್ಲಿ ಯಾರು ಹೇಳಿದರು, ಯಾವಾಗ, ಯಾವ ಶಬ್ದದಲ್ಲಿ ಅನ್ನೋದು ಒಂದು ಭಾಗ. "ನನ್ನ ಅಭಿಪ್ರಾಯ" ಅನ್ನೋದು ಬೇರೆ ಭಾಗ. ಎರಡನ್ನೂ ಕಲಸಿದರೆ ಓದುವವರಿಗೆ ಕಾಳು ಯಾವುದು, ಹೊಟ್ಟು ಯಾವುದು ಗೊತ್ತಾಗೋದಿಲ್ಲ.

ಚೌಬಾರಾ:
ಅಕ್ಕಾ, ಕಾಗದದ ಮಾತು ಬಂದದ್ದಕ್ಕೆ ನಮ್ಮ ಬೀದರಿನದೇ ಉದಾಹರಣೆ ಸೇರಿಸುತ್ತೇನೆ. ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಬಹಮನಿಯ ಪ್ರಧಾನಿ, ಇರಾನಿನ ಗೀಲಾನ್ ಕಡೆಯವನು. ಅವನ ಪತ್ರಗಳ ಸಂಗ್ರಹದಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ ಒಟ್ಟೊಮನ್ ಸುಲ್ತಾನ ಎರಡನೇ ಮೆಹಮದ್‌ಗೆ ಬರೆದ ಪತ್ರಗಳಿವೆ. 15ನೇ ಶತಮಾನದಲ್ಲಿ ಬೀದರಿನಿಂದ ಬಾಸ್ಫರಸ್ ತನಕ ಹೀಗೆ ಒಕ್ಕಣೆ ಹೋಗುತ್ತಿತ್ತು. ಖಾಯಂ ರಾಯಭಾರಿ ಎಂಬುದು ಆಗಿನ್ನೂ ಇಟಲಿಯ ಕಡೆ ಕಣ್ಣು ಬಿಡುತ್ತಿದ್ದ ಪದ್ಧತಿ. ಇಲ್ಲಿ ಕೆಲಸಕ್ಕೊಬ್ಬ ದೂತ, ಕೆಲಸ ಮುಗಿದರೆ ವಾಪಸ್.

ಅವನು ಸತ್ತದ್ದೂ ಒಂದು ಪತ್ರದಿಂದ. ವಿರೋಧಿಗಳು ಅವನ ಮುದ್ರೆ ಇಟ್ಟುಕೊಂಡವನನ್ನು ಒಲಿಸಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ, ದಂಡೆತ್ತಿ ಬಾ ಎಂದು ಒಡಿಶಾದ ಅರಸನಿಗೆ ಕರೆದ ಹಾಗೆ ಒಕ್ಕಣೆ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ ಗಾವಾನ್. 1481ರಲ್ಲಿ ತಲೆ ಹೋಯಿತು.

ಈಗ ರಾಯಭಾರ ಕಚೇರಿಯ ಔಪಚಾರಿಕ ಟಿಪ್ಪಣಿಯನ್ನು ನೋಡಿ, ಅದಕ್ಕೆ ನೋಟ್ ವರ್ಬಾಲ್ ಎಂದು ಹೆಸರು. "ನಾನು" ಎಂಬುದೇ ಇರುವುದಿಲ್ಲ, "ಭಾರತದ ರಾಯಭಾರ ಕಚೇರಿಯು ವಿದೇಶಾಂಗ ಇಲಾಖೆಗೆ ತನ್ನ ವಂದನೆಗಳನ್ನು ಸಲ್ಲಿಸುತ್ತ" ಎಂದು ಶುರು, ಅತ್ಯುನ್ನತ ಗೌರವದ ಭರವಸೆಯನ್ನು ಮತ್ತೊಮ್ಮೆ ಹೇಳಿ ಮುಕ್ತಾಯ. ಪೂರ್ತಿ ಸಹಿ ಇಲ್ಲ. ಕಚೇರಿ ಮುದ್ರೆ, ಅದರ ಮೇಲೆ ಚಿಕ್ಕಸಹಿ, ಕ್ರಮಸಂಖ್ಯೆ, ತಾರೀಖು. ಬೈಯುವ ಟಿಪ್ಪಣಿಗೂ ಇದೇ ಶುರು, ಇದೇ ಮುಕ್ತಾಯ. ಕೊನೆಯ ಗೌರವದ ಸಾಲು ಬಿಟ್ಟುಹೋಯಿತೆಂದರೆ ಅದು ಮರೆವಲ್ಲ, ಸಿಟ್ಟು ಎಂದೇ ಓದುತ್ತಾರೆ.

ಬೋನಾಳ ಕೆರೆ:
ನಮ್ಮ ಸುರಪುರದ್ದೂ ಇರಲಿ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಬಂದಾಗ ರಾಜ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಟೇಲರ್ ಆಡಳಿತವನ್ನೇ ಕೈಗೆ ತಗೊಂಡ. ಊರಿನ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಇದೆ. ಅವನು ಪೊಲಿಟಿಕಲ್ ಏಜೆಂಟ್, ರಾಯಭಾರಿಯಲ್ಲ. ರಾಯಭಾರಿ ಅರಸನ ಎದುರು ನಿಂತು ಮಾತಾಡುತ್ತಾನೆ, ಏಜೆಂಟ ಅರಸನ ಹೆಗಲ ಹಿಂದೆ ನಿಂತು ಹೇಳಿಕೊಡುತ್ತಾನೆ. ಟೇಲರ್ ಒಳ್ಳೆಯವನೇ, ಕೆರೆ ರಸ್ತೆ ಮಾಡಿಸಿದ ಅನ್ನೋರಿದ್ದಾರೆ, ಇರಲಿ. ಅದನ್ನು ಎರಡು ರಾಜ್ಯಗಳ ಸ್ನೇಹ ಅಂತ ಕರೆಯೋಕಾಗೋದಿಲ್ಲ. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ಮೇಲೆ ತಿರುಗಿಬಿದ್ದ.

ಚರ್ಚಾಕೂಟ ಕಲಬುರಗಿ:
ಹಾಗಾದರೆ ನಿಜಾಮನ ಕಾಲದಲ್ಲಿ ಹೈದರಾಬಾದಿಗೆ ಮುನ್ಷಿ ಬಂದದ್ದು? ಅವರನ್ನು ರಾಯಭಾರಿ ಎನ್ನಬಹುದೇ?

ಚೌಬಾರಾ:
ಬಾರದು, ಮತ್ತು ಅದು ಬೇಕೆಂತಲೇ. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದಂತೆ ದೆಹಲಿ ಮತ್ತು ಹೈದರಾಬಾದ್ ಪರಸ್ಪರ ಏಜೆಂಟರನ್ನು ಇಡಬೇಕಿತ್ತು. ಕೆ.ಎಂ. ಮುನ್ಷಿ 1948ರ ಜನವರಿಯಲ್ಲಿ ಏಜೆಂಟ್ ಜನರಲ್ ಆಗಿ ಬಂದರು. "ರಾಯಭಾರಿ" ಎಂದು ಒಂದು ಸಲ ಬರೆದಿದ್ದರೂ ಹೈದರಾಬಾದ್ ಬೇರೆ ದೇಶ ಎಂದು ನಾವೇ ಒಪ್ಪಿದಂತಾಗುತ್ತಿತ್ತು. ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಭಾರತದ ಕೈಗೆ ಬಂದು ಕಥೆ ಮುಗಿಯಿತು. ನಮ್ಮ ಮೂರೂ ಜಿಲ್ಲೆಯಲ್ಲಿ ಆ ದಿನ ಬಾವುಟ ಏರುವುದು ಅದಕ್ಕೇ.

ಅದರ ಬಾಲ ಮಾತ್ರ ಉದ್ದವಾಯಿತು. ಮೂರು ದಿನದ ನಂತರ, ಸೆಪ್ಟೆಂಬರ್ 20ರಂದು, ನಿಜಾಮನ ಹಣಕಾಸು ನೋಡುತ್ತಿದ್ದ ಮೊಯಿನ್ ನವಾಜ್ ಜಂಗ್ 10,07,940 ಪೌಂಡ್ 9 ಶಿಲ್ಲಿಂಗನ್ನು ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈ ಕಮಿಷನರ್ (ರಾಯಭಾರಿಗೆ ಸಮನಾದ ಹುದ್ದೆ) ರಹೀಮ್‌ತೂಲಾ ಅವರ ಹೆಸರಿನ ಖಾತೆಗೆ ಹಾಕಿದರು. ನಿಜಾಮ ವಾಪಸ್ ಕೇಳಿದ. ಹಣ ರಹೀಮ್‌ತೂಲಾರ ಕೈಯಲ್ಲಿ ಯಾವ ಹಕ್ಕಿನಿಂದ ಇತ್ತು ಎಂಬುದೇ ಗಂಟು. 1957ರಲ್ಲಿ ಬ್ರಿಟನ್ನಿನ ಮೇಲ್ಮನೆ ನ್ಯಾಯಪೀಠ, ಪಾಕಿಸ್ತಾನದ ಸಾರ್ವಭೌಮ ರಕ್ಷೆ (ಒಂದು ದೇಶವನ್ನು ಇನ್ನೊಂದು ದೇಶದ ಕೋರ್ಟಿಗೆ ಎಳೆಯಬಾರದು ಎಂಬ ನಿಯಮ) ಅಡ್ಡ ಬರುತ್ತದೆ ಎಂದು ದಾವೆ ನಿಲ್ಲಿಸಿತು. ಹಣ ಬ್ಯಾಂಕಿನಲ್ಲೇ ಬಡ್ಡಿ ಹುಟ್ಟಿಸುತ್ತ ಕೂತಿತು. 2013ರಲ್ಲಿ ಪಾಕಿಸ್ತಾನವೇ ದಾವೆ ಹೂಡಿತು, ಆ ರಕ್ಷೆ ತಾನಾಗಿ ಕಳಚಿತು. 2019ರ ಅಕ್ಟೋಬರ್ 2ರಂದು ಲಂಡನ್ ಹೈಕೋರ್ಟ್ ಭಾರತ ಮತ್ತು ನಿಜಾಮನ ವಾರಸುದಾರರ ಪರ ತೀರ್ಪು ಕೊಟ್ಟಿತು. ಅಷ್ಟೊತ್ತಿಗೆ ಸುಮಾರು 3.5 ಕೋಟಿ ಪೌಂಡ್ ಆಗಿತ್ತು. ರಾಯಭಾರಿಯ ಹೆಸರಲ್ಲಿ ಒಂದು ಖಾತೆ, 71 ವರ್ಷದ ಕೋರ್ಟು!

ಇಕಾಮಾ (ಹುಮನಾಬಾದ್):
ಇತಿಹಾಸ ಸಾಕು ರೀ, ಈಗಿಂದು ನೋಡ್ರಿ. ಬೀದರ್, ಕಲಬುರಗಿಯಿಂದ ಕೊಲ್ಲಿಗೆ ದುಡಿಲಾಕ ಹೋದವರ ಮನಿಗೆ ರಾಯಭಾರಿ ಅಂದ್ರ ಒಂದು ನಿರಾಕ್ಷೇಪಣಾ ಪತ್ರ. ಅಲ್ಲಿ ಯಾರಾದ್ರೂ ತೀರಿಕೊಂಡ್ರ ಶವ ಬರ್ಲಾಕ ಬೇಕಾಗೂದು: ಅಲ್ಲಿನ ಆಸ್ಪತ್ರಿ ವರದಿ, ಅಪಘಾತ ಆಗಿದ್ರ ಪೊಲೀಸ್ ವರದಿ, ಅಲ್ಲಿನ ಸರಕಾರದ ಮರಣ ಪ್ರಮಾಣಪತ್ರ, ನಮ್ಮ ಕಚೇರಿಯ ಮರಣ ನೋಂದಣಿ, ರದ್ದು ಮಾಡಿದ ಪಾಸ್‌ಪೋರ್ಟ್, ಶವ ಕೆಡದಂಗ ಮಾಡಿದ್ದಕ್ಕ ಪ್ರಮಾಣಪತ್ರ, ಊರಿನ ವಾರಸುದಾರರ ಒಪ್ಪಿಗಿ ಪತ್ರ.

ಭಾಳ ಕಡಿ ಗಾಡಿ ನಿಲ್ಲೂದು ಈ ಕೊನೀ ಕಾಗದದಾಗ. ಅಣ್ಣ ಒಂದು ಬರೀತಾನ, ಹೆಂಡತಿ ಒಂದು ಬರೀತಾಳ. ಶವ ಊರಿಗೆ ಕಳಸ್ರಿ ಅಂತ ಒಂದು, ಅಲ್ಲೇ ದಫನ್ ಮಾಡ್ರಿ ಅಂತ ಇನ್ನೊಂದು. ಎರಡು ಕಾಗದ ಹೋದ್ರ ಕಚೇರಿ ಎರಡನ್ನೂ ಬದಿಗಿಡ್ತದ. ಒಂದೇ ಪತ್ರ ಬರೀರಿ. ಹೆಂಡತಿ ಇದ್ರ ಆಕಿ ಸಹಿ, ಪಾಸ್‌ಪೋರ್ಟಿನಾಗ ಇದ್ದಂಗ ಹೆಸರಿನ ಕಾಗುಣಿತ, ಇಕಾಮಾ (ಅಲ್ಲಿ ಇರ್ಲಾಕ ಕೊಡೋ ಪರವಾನಗಿ) ನಂಬರ್, ಮಾಲಕರ ಹೆಸರು ಫೋನು, ಬಾಕಿ ಸಂಬಳ ವಸೂಲಿಗೆ ಯಾರಿಗೆ ಅಧಿಕಾರ ಕೊಟ್ಟೀರಿ ಅನ್ನೂದು.

ಇನ್ನೊಂದು ತಪ್ಪು: ಎಲ್ಲಾರೂ ರಿಯಾದ್‌ಗೆ ಬರೀತಾರ. ಜೆದ್ದಾ, ಮಕ್ಕಾ, ಮದೀನಾ ಕಡಿ ಇದ್ರ ಜೆದ್ದಾದ ಕಾನ್ಸುಲೇಟ್ (ರಾಜಧಾನಿ ಹೊರಗಿನ ನಮ್ಮ ಕಚೇರಿ). ದುಬೈ, ಶಾರ್ಜಾ ಇದ್ರ ದುಬೈ ಕಾನ್ಸುಲೇಟ್, ಅಬುಧಾಬಿ ಅಲ್ಲ. ಕುವೈತ್, ಕತಾರ್, ಬಹರೇನಿಗೆ ರಾಯಭಾರ ಕಚೇರಿ ಒಂದೇ. ದೂರು ಹಾಕ್ಲಾಕ 2015ರಿಂದ ಮದದ್ ಪೋರ್ಟಲ್ ಅದ. ಮಾಲಕ ಖರ್ಚು ಕೊಡದಿದ್ರ ಸಮುದಾಯ ಕಲ್ಯಾಣ ನಿಧಿ ಅದ, 2009ರಾಗ ಶುರು ಆಗಿದ್ದು. ಆ ಹಣ ಮನಿಮಂದಿ ಕೈಗೆ ಬರಂಗಿಲ್ಲ, ಕಚೇರಿಯೇ ನೇರ ಖರ್ಚು ಮಾಡ್ತದ.

ದಾಲ್‌ಮಿಲ್:
ವಿಮಾ ಏನಾದ್ರೂ ಅದ ಏನ್ರಿ?

ಇಕಾಮಾ (ಹುಮನಾಬಾದ್):
ಪ್ರವಾಸಿ ಭಾರತೀಯ ಬಿಮಾ ಯೋಜನಾ. ಎರಡು ವರ್ಷಕ್ಕ 275, ಮೂರು ವರ್ಷಕ್ಕ 375 ರೂಪಾಯಿ, ಮ್ಯಾಲ ತೆರಿಗಿ. ಅಪಘಾತದಾಗ ಸತ್ರ ಇಲ್ಲಾ ಖಾಯಂ ಅಂಗವಿಕಲ ಆದ್ರ 10 ಲಕ್ಷ. ಹತ್ತನೇತ್ತ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕು, 18 ದೇಶಕ್ಕ ಈ ನಿಯಮ. ಅಂಥವರಿಗೆ ವಿಮಾ ಕಡ್ಡಾಯ. ವಿಸಿಟ್ ವೀಸಾದ ಮ್ಯಾಲ ಹೋಗಿ ಕೆಲಸಕ್ಕ ಸೇರಿದವರು ಇದರೊಳಗ ಬರಂಗಿಲ್ಲ. ಅಲ್ಲೇ ಎಲ್ಲಾ ಕೆಡೂದು. ರಾಯಭಾರಿ ಎಷ್ಟು ದೊಡ್ಡ ದೋಸ್ತಿ ಮಾಡಿದ್ರೂ ಕಾಗದ ಇಲ್ಲದ ಮನಷ್ಯಾಗ ಕೈ ಹಿಡಿಯೂದು ಕಷ್ಟ.

ಕುಸುರಿ:
ಬಿದರಿ ಬಿಟ್ಟು ಚರ್ಚೆ ಮುಗಿಸುತ್ತೀರೇನು? 2023ರ ಆಗಸ್ಟ್‌ನಲ್ಲಿ ಜೊಹಾನ್ಸ್‌ಬರ್ಗ್ ಬ್ರಿಕ್ಸ್ ಶೃಂಗಸಭೆಯಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷರಿಗೆ ನಮ್ಮ ಪ್ರಧಾನಿ ಒಂದು ಜೊತೆ ಬಿದರಿ ಸುರಾಹಿ ಕೊಟ್ಟರು. ಪ್ರಕಟಣೆಯಲ್ಲಿ ಊರು ತೆಲಂಗಾಣ! ಹೈದರಾಬಾದಿನಲ್ಲೂ ಈ ಕೆಲಸ ಮಾಡುವವರಿದ್ದಾರೆ, ನಿಜ. ಆದರೆ ಹೆಸರೇ ಬೀದರಿನದು, ಕಪ್ಪು ಬಣ್ಣ ಬರುವ ಮಣ್ಣು ಬೀದರ್ ಕೋಟೆಯದು.

ಉಡುಗೊರೆ ಕೊಡುವ ಕಚೇರಿಗಳಿಗೆ ಒಂದು ಕೆಲಸದ ಮಾತು. ಬಿದರಿ ಎಂದರೆ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ, ಅದರಲ್ಲಿ ಕೊರೆದು ಕೂಡಿಸಿದ ಬೆಳ್ಳಿ. ಕೋಟೆ ಮಣ್ಣು, ನವಸಾಗರ ಹಾಕಿ ಕಾಯಿಸಿದ ನೀರಿನಲ್ಲಿ ಸತು ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ವಿದೇಶದವರು ಬೆಳ್ಳಿ ಮಾಸಿತೆಂದು ಹಿತ್ತಾಳೆ ಪಾಲಿಶ್ ಹಾಕಿ ಉಜ್ಜುತ್ತಾರೆ, ಕಪ್ಪೇ ಎದ್ದುಹೋಗಿ ಬೂದು ಬಣ್ಣದ ಚಂಬು ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಅವರ ಭಾಷೆಯಲ್ಲೇ ಎರಡು ಸಾಲಿನ ಚೀಟಿ ಇಡಬೇಕು: ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಹುಣಸೆ, ನಿಂಬೆ, ಪಾಲಿಶ್ ಬೇಡ. ಸ್ನೇಹದ ಕಾಣಿಕೆ ಆರು ತಿಂಗಳಲ್ಲಿ ಬಣ್ಣ ಬಿಟ್ಟರೆ ಯಾರ ಮಾನ ಹೋಗುವುದು?

ಚರ್ಚಾಕೂಟ ಕಲಬುರಗಿ:
ಕುಸುರಿಯವರೇ, ಇದು ನಮ್ಮ ಹುಡುಗರಿಗೆ ಚಿನ್ನದಂಥ ಉದಾಹರಣೆ. ಕೊನೆಯದೊಂದು: ಸ್ನೇಹ ಕೆಟ್ಟಾಗ ಏನು ಮಾಡುತ್ತಾರೆ?

ಚೌಬಾರಾ:
ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾರೆ. ಮೊದಲು ರಾಯಭಾರಿಯನ್ನು ವಿದೇಶಾಂಗ ಇಲಾಖೆಗೆ ಕರೆಸಿ ಆಕ್ಷೇಪ ತಿಳಿಸುವುದು. ನಂತರ ನಮ್ಮವರನ್ನು "ಸಮಾಲೋಚನೆಗೆ" ವಾಪಸ್ ಕರೆಸಿಕೊಳ್ಳುವುದು. ಅದಾದ ಮೇಲೆ ಅವರ ಸಿಬ್ಬಂದಿಯಲ್ಲಿ ಕೆಲವರನ್ನು ಅನಪೇಕ್ಷಿತರು ಎಂದು ಹೊರಡಿಸುವುದು, 9ನೇ ವಿಧಿಯಂತೆ ಅದಕ್ಕೂ ಕಾರಣ ಬೇಡ. ಪಾಕಿಸ್ತಾನದ ಜೊತೆ 2019ರ ಆಗಸ್ಟ್‌ನಿಂದ ಹೈ ಕಮಿಷನರ್ ಇಲ್ಲ, ಪ್ರಭಾರಿಗಳೇ ನಡೆಸುತ್ತಾರೆ. ಸಿಬ್ಬಂದಿ 2020ರಲ್ಲಿ 110ರಿಂದ 55ಕ್ಕೆ, 2025ರಲ್ಲಿ 30ಕ್ಕೆ ಇಳಿಯಿತು. ಇಷ್ಟಾದರೂ ಬಾಗಿಲು ಪೂರ್ತಿ ಹಾಕಿಲ್ಲ, ಅದನ್ನು ಗಮನಿಸಿ. ಜೈಲಿನಲ್ಲಿರುವವರ ಪಟ್ಟಿ ಈಗಲೂ ಪ್ರತಿ ಜನವರಿ 1 ಮತ್ತು ಜುಲೈ 1ಕ್ಕೆ ಕೈ ಬದಲಾಗುತ್ತದೆ.

ಬಾಗಿಲು ಹಾಕಿದರೆ ತೆರೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಚೀನಾ ನೋಡಿ. 1961ರಿಂದ ನಮ್ಮ ರಾಯಭಾರಿ ಅಲ್ಲಿರಲಿಲ್ಲ, ಪ್ರಭಾರಿ ಮಾತ್ರ. 1976ರಲ್ಲಿ ಕೆ.ಆರ್. ನಾರಾಯಣನ್ ಹೋದರು, ಮುಂದೆ ರಾಷ್ಟ್ರಪತಿಯಾದರಲ್ಲ, ಅವರೇ. ಆ ಹದಿನೈದು ವರ್ಷ ಕಚೇರಿ ನಡೆಯಿತು, ಅಂಚೆ ನಡೆಯಿತು. ಆದರೆ ಪ್ರಭಾರಿಯನ್ನು ಮಂತ್ರಿಗಳು ಮನೆಗೆ ಕರೆದು ಮನಸ್ಸು ಬಿಚ್ಚುವುದಿಲ್ಲ.

ಚರ್ಚಾಕೂಟ ಕಲಬುರಗಿ:
ಎಲ್ಲರಿಗೂ ಶರಣು. ಪರ ತಂಡಕ್ಕೆ ಮೊದಲ ಸಾಲು ಹೀಗೆ ಬರೆದುಕೊಟ್ಟಿದ್ದೇನೆ: "ಮೊಜಾಂಬಿಕ್‌ನಲ್ಲಿರುವ ಭಾರತದ ರಾಯಭಾರಿಯ ಒಂದು ಪತ್ರಕ್ಕೂ ಕಲಬುರಗಿ ಗಂಜಿನ ತೊಗರಿ ಸವಾಲಿಗೂ ನಂಟಿದೆ." ಹೇಗಿದೆ?

ಬೋನಾಳ ಕೆರೆ:
ಚಲೋ ಅದ ಸರ್, ಒಂದು ತಿದ್ದುಪಡಿ. ಮೊಜಾಂಬಿಕ್ ಬ್ರಿಟಿಷರ ಕೈಕೆಳಗೆ ಇರದಿದ್ದರೂ 1995ರಲ್ಲಿ ಕಾಮನ್‌ವೆಲ್ತ್ ಸೇರಿದೆ. ಆ ಕೂಟದ ದೇಶಗಳು ಒಂದಕ್ಕೊಂದು ಕಳಿಸುವುದು ಹೈ ಕಮಿಷನರ್ ಅನ್ನು. ಹುದ್ದೆ ಅದೇ, ಹೆಸರು ಬೇರೆ. "ರಾಯಭಾರಿ" ಎಂದು ಬರೆದರೆ ವಿರೋಧದವರು ಮೊದಲ ಸಾಲಿಗೇ ಕೈ ಎತ್ತುತ್ತಾರೆ.